ತೊಳೆದ ಮರಿ

ಬಿಗಿಯಾಗಿ ಎಳೆದು ನಿಂತ ಸರಪಳಿ ಸಡಿಲವಾಗಿ ಸಿಮೆಂಟಿನ ಮೇಲೆ ಬೀಳುವ ಸದ್ದನ್ನು ನನಗೆ ಇಷ್ಟು ವರ್ಷಗಳಾದರೂ ಮರೆಯಲಾಗಿಲ್ಲ. ಈಗಲೂ ಯಾರಾದರೂ ಗೇಟಿನ ಸರಪಳಿ ಕಳಚಿ ಕೆಳಗೆ ಬಿಟ್ಟರೆ ಮೊದಲು ನನ್ನ ಕಣ್ಣು ಹೋಗುವುದು ಹತ್ತಿರದಲ್ಲಿ ಯಾರು ನೆಲದ ಮೇಲೆ ಕೂತಿದ್ದಾರೆ ಎಂದು ನೋಡುವುದಕ್ಕೆ. ಯಾರೂ ಇರುವುದಿಲ್ಲ. ಆದರೂ ನೋಡುತ್ತೇನೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮೈಸೂರಿನಲ್ಲಿ ಎಂಎಸ್ಸಿ ಮುಗಿಸಿದ್ದ ನಾನು ನೈರೋಬಿಯ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಇದ್ದದ್ದು ಅಕ್ಕ, ಭಾವನ ಜೊತೆ. ಭಾವ ಗೋಣಿಚೀಲ ನೇಯುವ ಒಂದು ಫ್ಯಾಕ್ಟರಿಯ ಮ್ಯಾನೇಜರ್. ನಮಗೆ ಪರಿಚಯವಿದ್ದ ಕನ್ನಡದವರೆಲ್ಲ ಕಿಲೆಲೆಶ್ವಾ, ಸೌತ್ ಬಿ ಬಡಾವಣೆಗಳಲ್ಲಿ ಮನೆ ಮಾಡಿಕೊಂಡಿದ್ದರು. ನಮ್ಮದು ಮಾತ್ರ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಫ್ಯಾಕ್ಟರಿ ಕಾಂಪೌಂಡಿನ ಒಳಗೇ ಕಂಪನಿ ಕೊಟ್ಟ ಮನೆ. ಮುಂದೆ ಲಾರಿಗಳ ಸಾಲು, ಹಿಂದೆ ರೈಲು ಹಳಿ. ಭಾನುವಾರ ಬಿಟ್ಟರೆ ಮಗ್ಗದ ಸದ್ದು ನಿಲ್ಲುತ್ತಿರಲಿಲ್ಲ.

ನಾರು ರಾಶಿ ಬಿದ್ದಿರುವ ಜಾಗದಲ್ಲಿ ಒಣಹುಲ್ಲು ಬೆಳೆಯಗೊಡಬಾರದು. ಒಂದು ಕಿಡಿ ಸಾಕು. ಹಾಗಾಗಿ ಹುಲ್ಲು ಮೇಯಲು ಭಾವ ಮೂರು ಕುರಿಗಳನ್ನು ತಂದು ಬಿಟ್ಟಿದ್ದರು. ರಾತ್ರಿಯ ಕಾವಲಿಗೆ ಎರಡು ನಾಯಿಗಳಿದ್ದವು. ಹಗಲು ನಾಯಿಗಳು ಬೋನಿನಲ್ಲಿ, ಕುರಿಗಳು ಹೊರಗೆ. ಕತ್ತಲಾದ ಮೇಲೆ ಕುರಿಗಳು ಷೆಡ್ಡಿನಲ್ಲಿ, ನಾಯಿಗಳು ಹೊರಗೆ. ಒಂದೇ ಕಾಂಪೌಂಡಿನಲ್ಲಿದ್ದರೂ ಒಂದರ ಮುಖವನ್ನು ಇನ್ನೊಂದು ನೋಡಿರಲಿಲ್ಲ. ಭಾವನಿಗೆ ಈ ಏರ್ಪಾಡಿನ ಬಗ್ಗೆ ಬಹಳ ಹೆಮ್ಮೆ. ಬಂದವರಿಗೆಲ್ಲ ತೋರಿಸಿ, “ನಮ್ಮಲ್ಲಿ ಇವಕ್ಕೂ ಶಿಫ್ಟ್ ಇದೆ” ಎನ್ನುತ್ತಿದ್ದರು.

ಆ ವರ್ಷ ಅಕ್ಕನಿಗೆ ಗಂಡುಮಗುವಾಯಿತು. ನಮ್ಮ ಅಮ್ಮ ಆಗಲೇ ತೀರಿಕೊಂಡಿದ್ದರಿಂದ ಬಾಣಂತನಕ್ಕೆ ಭಾವನ ತಾಯಿ ಮೈಸೂರಿನಿಂದ ಬಂದರು. ಅಕ್ಕನ ಅತ್ತೆಯನ್ನು ನಾನೂ ಅತ್ತೆ ಎಂದೇ ಕರೆಯುತ್ತಿದ್ದೆ. ವಿಮಾನ ಹತ್ತಿದ್ದು ಅದೇ ಮೊದಲು. ಅವರ ಟ್ರಂಕಿನಲ್ಲಿ ಸೀರೆಗಿಂತ ಹೆಚ್ಚಾಗಿ ಇದ್ದದ್ದು ಹರಳೆಣ್ಣೆ, ಬಜೆ, ಕಡಲೆಹಿಟ್ಟು, ಸಾಂಬ್ರಾಣಿ. ಅವರ ಬೀದಿಯಲ್ಲಿ ಯಾರಿಗೆ ಮಗುವಾದರೂ ಮೊದಲ ನೀರು ಹಾಕುವುದಕ್ಕೆ ಅತ್ತೆಯನ್ನೇ ಕರೆಯುತ್ತಿದ್ದರಂತೆ. ಓದು ಇಲ್ಲ, ಇಂಗ್ಲಿಷು ಬರುವುದಿಲ್ಲ, ಮಗನ ಮನೆಯಲ್ಲಿ ಗ್ಯಾಸು ಹಚ್ಚುವುದಕ್ಕೂ ಹೆದರಿಕೆ. ಆದರೆ ಕಾಲು ನೀಡಿ ಕೂತು, ಮೊಣಕಾಲಿನ ಕೆಳಗೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ಹಚ್ಚತೊಡಗಿದರೆಂದರೆ ಆ ಮನೆಯ ಯಜಮಾನಿ ಅವರೇ. ಅಕ್ಕನೂ ಆಗ ತುಟಿ ಬಿಚ್ಚುತ್ತಿರಲಿಲ್ಲ. ಸ್ನಾನವಾದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮಗುವಿನ ನೆತ್ತಿಗೆ, ಬೆನ್ನಿಗೆ ಹೊಗೆ ತೋರಿಸುತ್ತಿದ್ದರು.

ಭಾವನಿಗೆ ಅದು ಹಿಡಿಸುತ್ತಿರಲಿಲ್ಲ. “ಅಮ್ಮ, ಹೊರಗೆ ಫ್ಯಾಕ್ಟರಿ ಚಿಮಣಿ ಸಾಲದು ಅಂತ ಒಳಗೂ ಒಂದು ಇಟ್ಯಾ?” ಎಂದು ಕೆಮ್ಮುತ್ತ ಹೊರಗೆ ಹೋಗುತ್ತಿದ್ದರು. ಅತ್ತೆ ನಗುತ್ತಿದ್ದರು. ಮಗನ ಕುಹಕವನ್ನು ಕುಹಕವೆಂದು ತಿಳಿಯದವರ ಹಾಗೆ ನಗುವುದು ಅವರಿಗೆ ಅಭ್ಯಾಸವಾಗಿತ್ತು.

ಆಗಸ್ಟಿನ ರಜೆ. ನೈರೋಬಿಯಲ್ಲಿ ಆಗ ಚಳಿ. ಬೆಳಿಗ್ಗೆ ಮಂಜು ಹಳಿಯ ಮೇಲೆ ಕೂತುಬಿಡುತ್ತದೆ. ಮಗುವಿನ ಸ್ನಾನ ಮುಗಿಸಿ ಅತ್ತೆ ನೀರು ಚೆಲ್ಲಲು ಹಿತ್ತಲಿಗೆ ಹೋದರು. ಷೆಡ್ಡಿನ ಮೂಲೆಯಲ್ಲಿ ಒಂದು ಕುರಿ ಆಗಷ್ಟೇ ಈದಿತ್ತು. ಅದರ ಚೊಚ್ಚಲು. ಒದ್ದೆ ನೆಲದ ಮೇಲೆ ಮರಿ ಲೋಳೆ ಮೆತ್ತಿಕೊಂಡು ನಡುಗುತ್ತಿತ್ತು. ತಾಯಿಕುರಿ ಒಂದೆರಡು ಸಲ ನೆಕ್ಕಿ, ಸುಸ್ತಾಗಿ ಪಕ್ಕಕ್ಕೆ ಮುಖ ಮಾಡಿ ನಿಂತಿತ್ತು.

“ಅಯ್ಯೋ, ಬಾರೇ ಇಲ್ಲಿ! ಇದನ್ನ ನೋಡು, ಗಾಳಿಗೆ ಸತ್ತೇ ಹೋಗುತ್ತೆ” ಎಂದು ಅತ್ತೆ ಕೂಗಿದ್ದು ಅಕ್ಕನ ಪಕ್ಕದಲ್ಲಿ ಕೂತಿದ್ದ ನನಗೆ ಕೇಳಿಸಿತು. ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋಗುವಷ್ಟರಲ್ಲಿ ಮರಿ ಅವರ ಮಡಿಲಲ್ಲಿತ್ತು. ಬಿಸಿನೀರು ಹಂಡೆಯಲ್ಲಿ ಉಳಿದಿತ್ತು. ಕಡಲೆಹಿಟ್ಟು ಬಟ್ಟಲಲ್ಲಿತ್ತು. ಅತ್ತೆ ಕಾಲು ನೀಡಿ ಕೂತರು. ಮೊಣಕಾಲ ಕೆಳಗೆ ಕುರಿಮರಿ. ಎಣ್ಣೆ ತೀಡಿದರು, ಹಿಟ್ಟು ಹಚ್ಚಿದರು, ಮಗುವಿನ ಸೋಪಿನಿಂದ ಲೋಳೆಯನ್ನೆಲ್ಲ ತಿಕ್ಕಿ ತೊಳೆದರು, ಮೂಗು ಹಿಂಡಿ ಸ್ವಚ್ಛ ಮಾಡಿದರು. ಟವಲಿನಲ್ಲಿ ಒರೆಸಿ, ಆರದೆ ಉಳಿದಿದ್ದ ಕೆಂಡದ ಮೇಲೆ ಚಿಟಿಕೆ ಸಾಂಬ್ರಾಣಿ ಹಾಕಿ ಹೊಗೆಯನ್ನೂ ತೋರಿಸಿದರು. ಅವರ ಕೈ ಅದೆಷ್ಟು ಚುರುಕಾಗಿ, ಅದೆಷ್ಟು ಅಕ್ಕರೆಯಿಂದ ಓಡುತ್ತಿತ್ತೆಂದರೆ ನೋಡುತ್ತ ನಿಂತಿದ್ದ ನನಗೆ ಅದರಲ್ಲಿ ತಪ್ಪೇನಾದರೂ ಇರಬಹುದು ಎಂದು ಹೊಳೆಯಲೇ ಇಲ್ಲ. ಹತ್ತಿಯಂತೆ ಉಬ್ಬಿದ ಬಿಳಿ ಮರಿಯನ್ನು ಅತ್ತೆ ಎತ್ತಿಕೊಂಡು ಹೋಗಿ ತಾಯಿಯ ಕೆಚ್ಚಲ ಬಳಿ ನಿಲ್ಲಿಸಿದರು.

ಕುರಿ ಮೂಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ತಲೆ ತಗ್ಗಿಸಿ ಗುದ್ದಿತು. ಮರಿ ಗೋಡೆಗೆ ಹೋಗಿ ಬಿತ್ತು.

ಮತ್ತೆ ನಿಲ್ಲಿಸಿದೆವು. ಮತ್ತೆ ಗುದ್ದಿತು. ಮೂರನೆಯ ಸಲ ಮರಿ ಬಿದ್ದಲ್ಲಿಂದ ಏಳಲಿಲ್ಲ.

ಭಾವ ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತೆ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದರು. ಯಾಕೆ ಹೀಗಾಯಿತು ಎಂದು ಭಾವ ಕೇಳಿದರು. ಕುರಿ ತನ್ನ ಮರಿಯನ್ನು ಗುರುತಿಸುವುದು ಹುಟ್ಟಿದಾಗ ಮೈಮೇಲಿರುವ ಲೋಳೆಯ ವಾಸನೆಯಿಂದ, ಅದು ಹೋಗಿಬಿಟ್ಟರೆ ಬೇರೆ ಕುರಿಯ ಮರಿ ಅಂದುಕೊಳ್ಳುತ್ತದೆ ಎಂದು ನಾನು ಹೇಳಿದೆ. ಮಾಸನ್ನಾದರೂ ಮರಿಯ ಮೈಗೆ ಸವರಿ ನೋಡಬಹುದು ಎಂದೆ. ಮಾಸು ಎಲ್ಲಿ ಎಂದು ಕೇಳಿದರೆ, ಷೆಡ್ಡು ಗುಡಿಸಿದವನು ಅದನ್ನು ಬೆಳಿಗ್ಗೆಯೇ ನಾಯಿಗಳ ಬೋನಿಗೆ ಎಸೆದಿದ್ದ.

ಭಾವ ಬಿದ್ದು ಬಿದ್ದು ನಕ್ಕರು.

“ಏನಮ್ಮ ಇದು! ಆ ಲೋಳೇನೇ ಅದರ ಅಡ್ರೆಸ್ಸು. ನೀನು ಸೋಪ್ ಹಾಕಿ ಅಡ್ರೆಸ್ಸೇ ಅಳಿಸಿಬಿಟ್ಯಲ್ಲ!”

“ಚಳೀಲಿ ನಡುಗ್ತಿತ್ತು ಕಣೋ.”

“ಎಣ್ಣೆಸ್ನಾನ ಆಯ್ತು, ಹೊಗೆ ಆಯ್ತು. ನಾಮಕರಣ ಯಾವತ್ತು?”

“ನನಗೇನು ಗೊತ್ತು ಕುರಿ ವಿಷಯ? ನಮ್ಮನೇಲಿ ಹಸು ಕಟ್ಟಿದ್ವಾ, ಕುರಿ ಕಟ್ಟಿದ್ವಾ? ಹಾಲೂ ಡೈರಿಯಿಂದ ಬರ್ತಿತ್ತು.”

“ನನ್ನನ್ನೂ ಹಿಂಗೇ ತೊಳೆದಿದ್ದೆ ಅಂತ ಕಾಣುತ್ತೆ” ಎಂದರು ಭಾವ, ತಟ್ಟೆಗೆ ಅನ್ನ ಹಾಕಿಕೊಳ್ಳುತ್ತ. “ಅದಕ್ಕೇ ನಿನಗೆ ನನ್ನ ವಾಸನೆ ಹತ್ತಲಿಲ್ಲ. ಮೀಸೆ ಬರೋಕ್ಕೆ ಮುಂಚೆ ಎತ್ಕೊಂಡು ಹೋಗಿ ಹಾಸ್ಟೆಲಿಗೆ ಹಾಕಿದೆ.”

ಅತ್ತೆ ಈ ಸಲ ನಗಲಿಲ್ಲ. ಮರಿಯ ಕಿವಿಯನ್ನು ಬೆರಳ ನಡುವೆ ಉಜ್ಜುತ್ತ ಕೂತರು. ಕೋಣೆಯೊಳಗಿಂದ ಅಕ್ಕ, “ರೀ, ಸಾಕು ಸುಮ್ನಿರಿ” ಎಂದಳು. ಅದು ಭಾವನಿಗೆ ಇನ್ನಷ್ಟು ಹುಮ್ಮಸ್ಸು ಕೊಟ್ಟಿತು.

“ಇಲ್ಲ, ನಾನು ಸೀರಿಯಸ್ಸಾಗೇ ಹೇಳ್ತಿದೀನಿ. ಅಮ್ಮ, ಕೇಳು. ಇವತ್ತು ಕುರಿಮರಿ, ನಾಳೆ ನನ್ನ ಮಗನಿಗೆ ನ್ಯುಮೋನಿಯ. ಈ ಮರಿ ಬದುಕಿದ್ರೆ ನಿನ್ನ ಎಣ್ಣೆ, ನಿನ್ನ ಹೊಗೆ, ನಿನ್ನಿಷ್ಟ. ಸತ್ತರೆ ಆವತ್ತಿಂದ ಮಗು ಸ್ನಾನಕ್ಕೆ ನರ್ಸ್ ಬರ್ತಾಳೆ. ನೀನು ಆರಾಮಾಗಿ ಟೀವಿ ನೋಡ್ಕೊಂಡು ಕೂತಿರು.”

ಅತ್ತೆ ಮಗನ ಮುಖವನ್ನೇ ನೋಡಿದರು. ಇದು ತಮಾಷೆಯೋ ಅಲ್ಲವೋ ಎಂದು ಹುಡುಕುತ್ತಿದ್ದರು. ಭಾವ ಉಪ್ಪಿನಕಾಯಿ ಕೇಳಿದರು.

ಅಂದಿನಿಂದ ಅತ್ತೆ ಷೆಡ್ಡಿನಲ್ಲೇ ಇರತೊಡಗಿದರು. ಮಗುವಿನ ಸ್ನಾನ ಮುಗಿದದ್ದೇ ತಡ, ಅಲ್ಲಿಗೆ ಓಟ. ಹಸುಗಳು ಉಪ್ಪು ನೆಕ್ಕುವುದನ್ನು ಎಲ್ಲೋ ನೋಡಿದ್ದರಂತೆ, ಮರಿಯ ಬೆನ್ನಿಗೆ ಉಪ್ಪು, ಬೆಲ್ಲ ಸವರಿದರು. ಕುರಿ ಬೆನ್ನಿನ ಮೇಲಿನ ಬೆಲ್ಲವನ್ನೆಲ್ಲ ಚೊಕ್ಕವಾಗಿ ನೆಕ್ಕಿ, ಮರಿಯನ್ನು ಗುದ್ದಿ ಬೀಳಿಸಿತು. ಅದರ ಹಾಲನ್ನೇ ಹಿಂಡಿ ಮರಿಯ ಮೈಗೆ ಬಳಿದರು. ಅದೂ ನಡೆಯಲಿಲ್ಲ. ಕೊನೆಗೆ ಕುರಿಯ ಕೊರಳನ್ನು ಕಂಬಕ್ಕೆ ಕಟ್ಟಿ, ನಾನು ಅದರ ಹಿಂಗಾಲುಗಳನ್ನು ಅದುಮಿ ಹಿಡಿದು, ಅತ್ತೆ ಮರಿಯ ಬಾಯಿಗೆ ಮೊಲೆ ಕೊಡಬೇಕಾಯಿತು. ಕುರಿ ಉಸಿರು ಕಟ್ಟುವಷ್ಟು ಎಳೆದಾಡುತ್ತಿತ್ತು. ಹಗ್ಗ ಉಜ್ಜಿ ಕೊರಳ ಉಣ್ಣೆ ಕಿತ್ತು ಚರ್ಮ ಕೆಂಪಾಯಿತು. ಅದರ ಕಣ್ಣು ಹೊರಳುವುದನ್ನು ನೋಡಲಾರದೆ ನಾನು ಬೇರೆ ಕಡೆ ನೋಡುತ್ತಿದ್ದೆ. ಹೀಗೆ ಬಲವಂತದಿಂದ ಕುಡಿಸಿದ ಹಾಲಿನಿಂದ ಮರಿ ಸಾಯಲಿಲ್ಲ, ಬದುಕಲೂ ಇಲ್ಲ. ಕಾಲುಗಳು ಮಡಿಸಿಕೊಂಡೇ ಇದ್ದವು.

“ನೀನು ಒಂದೇ ಒಂದು ಸಲ ಮನಸ್ಸಿಂದ ಕೊಡೇ” ಎಂದು ಅತ್ತೆ ಕುರಿಗೆ ಹೇಳುತ್ತಿದ್ದರು. “ಒಂದು ಸಲ ಕೊಟ್ಟು ನೋಡು, ಆಮೇಲೆ ನಿನಗೇ ಬಿಡೋಕ್ಕೆ ಆಗಲ್ಲ. ನಾನು ಎಷ್ಟು ಬಾಣಂತೀರ್ನ ನೋಡಿಲ್ಲ!”

ಗೇಟು ಕಾಯುವ ಅಸ್ಕಾರಿ ಹಾದುಹೋಗುವಾಗಲೆಲ್ಲ ನಿಂತು, “ಪೋಲೆ, ಮಾಮಾ”, ಅಯ್ಯೋ ಪಾಪ ತಾಯಿ, ಎಂದು ಮರುಗಿ ಹೋಗುತ್ತಿದ್ದ. ಅತ್ತೆ ತಮಗೆ ಗೊತ್ತಿದ್ದ ಒಂದೇ ಸ್ವಾಹಿಲಿ ಪದದಲ್ಲಿ ಥ್ಯಾಂಕ್ಸ್ ಹೇಳುತ್ತಿದ್ದರು: “ಅಸಾಂಟೆ.”

ಶನಿವಾರ ಭಾವ ಕ್ಲಬ್ಬಿನಿಂದ ಹೊಸ ಉಪಾಯವೊಂದನ್ನು ತಂದರು. ಊರಾಚೆ ದೊಡ್ಡ ಕುರಿ ಫಾರಂ ನಡೆಸುತ್ತಿದ್ದ ಬಿಳಿಯ ಮುದುಕನೊಬ್ಬ ಹೇಳಿದ್ದನಂತೆ: ಕುರಿ, ಮರಿ ಎರಡನ್ನೂ ಇಕ್ಕಟ್ಟಿನ ಜಾಗದಲ್ಲಿ ಕೂಡಿ, ಹೊರಗಡೆ ನಾಯಿಯೊಂದನ್ನು ಓಡಾಡಿಸಬೇಕು. ನಾಯಿಯನ್ನು ಕಂಡರೆ ಕುರಿಗೆ ವಾಸನೆಯ ಯೋಚನೆ ಮರೆತುಹೋಗುತ್ತದೆ. ಪಕ್ಕದಲ್ಲಿರುವ ಮರಿಯನ್ನು ಕಾಯುವುದಕ್ಕೆ ನಿಲ್ಲುತ್ತದೆ. ಕಾಯ್ದ ಮೇಲೆ ಅದು ತನ್ನದೇ ಆಗಿಬಿಡುತ್ತದೆ.

ಫಾರಮ್ಮಿನವನು ಹೇಳಿದ್ದು ಕುರಿ ಕಾಯುವ ನಾಯಿಯ ಬಗ್ಗೆ. ನಮ್ಮಲ್ಲಿದ್ದವು ಮನುಷ್ಯರನ್ನು ಹಿಡಿಯಲು ಪಳಗಿಸಿದ ನಾಯಿಗಳು, ಮೇಲಾಗಿ ಹಗಲು ಅರೆಹೊಟ್ಟೆ. ನಾನು ಅದನ್ನು ಹೇಳಿದೆ.

“ಟೀಚರಮ್ಮ, ಸರಪಳಿ ಇರೋದು ಯಾತಕ್ಕೆ?” ಎಂದರು ಭಾವ.

ಭಾನುವಾರ ಬೆಳಿಗ್ಗೆ. ಮಗ್ಗಗಳು ನಿಂತಿದ್ದವು. ಷೆಡ್ಡಿನ ಮುಂದೆ ಸಿಮೆಂಟಿನ ಅಂಗಳದಲ್ಲಿ ಗೋಣಿಯ ಕಟ್ಟುಗಳನ್ನು ಸೊಂಟದೆತ್ತರಕ್ಕೆ ಜೋಡಿಸಿ ಚೌಕವಾದ ದೊಡ್ಡಿಯೊಂದನ್ನು ಮಾಡಿದ್ದರು. ಒಳಗೆ ಕುರಿಯನ್ನು ಬಿಚ್ಚಿ ಬಿಟ್ಟರು. ಅತ್ತೆ ಮರಿಯನ್ನು ಎತ್ತಿಕೊಂಡು ತಾವೂ ಒಳಗೆ ಹೋಗಿ ಕೂತರು.

“ಅತ್ತೆ, ನೀವು ಹೊರಗೆ ಬನ್ನಿ” ಎಂದೆ.

“ಅದು ನಿಲ್ಲಲ್ವೆ ತಾಯಿ, ಬಿದ್ದುಹೋಗುತ್ತೆ. ನಾನು ಹಿಡ್ಕೊಂಡಿರ್ತೀನಿ.”

“ಇರಲಿ ಬಿಡು” ಎಂದರು ಭಾವ. “ನಾಯಿ ನನ್ನ ಕೈಲಿರುತ್ತಲ್ಲ.” ಅಕ್ಕನಿಗೆ ಕಿಟಕಿಗೆ ಬಂದು ನೋಡು ಎಂದು ಕೂಗಿದರು. ಅಕ್ಕ ಮಗುವನ್ನು ಎತ್ತಿಕೊಂಡು ಬಂದು ಕಿಟಕಿಯ ಕಂಬಿಯ ಹಿಂದೆ ನಿಂತಳು.

ಅಸ್ಕಾರಿ ದೊಡ್ಡ ನಾಯಿಯನ್ನು ಬೋನಿನಿಂದ ಹೊರತಂದ. ಭಾವ ಅವನ ಕೈಯಿಂದ ಸರಪಳಿ ತೆಗೆದುಕೊಂಡು ಅಂಗೈಗೆ ಒಂದು ಸುತ್ತು ಸುತ್ತಿಕೊಂಡರು. ನಾಯಿ ಬೊಗಳಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಮೂಗನ್ನು ನೆಲಕ್ಕೆ ಹಚ್ಚಿ, ಕಟ್ಟುಗಳ ಸುತ್ತ ಸದ್ದಿಲ್ಲದೆ ನಡೆಯಿತು.

ಫಾರಮ್ಮಿನವನ ಮಾತು ನಿಜವಾಗಿತ್ತು. ನಾಯಿಯ ತಲೆ ಕಟ್ಟಿನ ಮೇಲೆ ಕಂಡದ್ದೇ ಕುರಿ ಗಕ್ಕನೆ ತಿರುಗಿತು. ಮುಂಗಾಲನ್ನು ಎತ್ತಿ ಸಿಮೆಂಟಿಗೆ ಅಪ್ಪಳಿಸಿತು. ಆಮೇಲೆ ಹಿಂದಕ್ಕೆ ಸರಿದು ಸರಿದು, ಮರಿಗೆ ಅಡ್ಡವಾಗಿ ಬಂದು ನಿಂತಿತು. ನಾಲ್ಕು ದಿನ ಅದನ್ನು ಗೋಡೆಗೆ ಎಸೆದಿದ್ದ ತಾಯಿ ಈಗ ಅದನ್ನು ತನ್ನ ಹೊಟ್ಟೆಯ ಮರೆಗೆ ಮಾಡಿಕೊಂಡಿತ್ತು.

“ನೋಡ್ರೋ! ನೋಡ್ರೋ!” ಎಂದು ಭಾವ ಕೂಗಿದರು.

“ನಿಂತ್ಕೊಂಡ್ಳು ಕಣೋ” ಎಂದು ಅತ್ತೆ ಅಳುತ್ತ ನಗುತ್ತಿದ್ದರು. “ಸಾಕು, ಕರ್ಕೊಂಡು ಹೋಗು ಅದನ್ನ.”

ಅಲ್ಲಿಗೆ ನಿಲ್ಲಿಸಿದ್ದರೆ. ನನ್ನ ತಲೆಯಲ್ಲಿ ಇಷ್ಟು ವರ್ಷ ಓಡುತ್ತಿರುವುದು ಅಲ್ಲಿಗೆ ನಿಲ್ಲಿಸಿದ ಭಾನುವಾರ. ಅದರಲ್ಲಿ ಭಾವ ಸರಪಳಿಯನ್ನು ಅಸ್ಕಾರಿಗೆ ವಾಪಸು ಕೊಡುತ್ತಾರೆ. ಅತ್ತೆ ಎದ್ದು ಸೀರೆ ಕೊಡವಿಕೊಳ್ಳುತ್ತಾರೆ. ನಾನು ಕಾಫಿ ಮಾಡುವುದಕ್ಕೆ ಒಳಗೆ ಹೋಗುತ್ತೇನೆ.

“ಇನ್ನೂ ಮೊಲೆ ಕೊಟ್ಟಿಲ್ಲವಲ್ಲಮ್ಮ” ಎಂದರು ಭಾವ. “ಇನ್ನೊಂದು ರೌಂಡ್.”

ಎರಡನೆಯ ಸುತ್ತಿಗೆ ನಾಯಿಗೆ ಮನಸ್ಸಿರಲಿಲ್ಲ. ನಾಲ್ಕೂ ಕಾಲು ಊರಿ ಹಿಂದಕ್ಕೆ ಜಗ್ಗಿತು. ಭಾವ ಮುಂದಕ್ಕೆ ಎಳೆದರು. ನಾಯಿ ತಲೆ ತಗ್ಗಿಸಿ ಇನ್ನೂ ಹಿಂದಕ್ಕೆ ಜಗ್ಗಿತು. ಕೊರಳಪಟ್ಟಿ ಕಿವಿಗಳ ಮೇಲೆ ಏರುವುದು ನನಗೆ ಕಾಣಿಸಿತು. ಒಂದು ಕಿವಿ ಮಡಿಚಿಕೊಂಡಿತು, ಇನ್ನೊಂದು ಕಿವಿ ಮಡಿಚಿಕೊಂಡಿತು. ಸರಪಳಿ ಸಿಮೆಂಟಿನ ಮೇಲೆ ಬಿತ್ತು.

ನಾಯಿ ಕಟ್ಟುಗಳ ಮೇಲೆ ಹಾರಿದ್ದು ಒಂದು ಬಟ್ಟೆ ಬೀಸಿದಂತೆ ಇತ್ತು. ಅತ್ತೆ ಮರಿಯ ಮೇಲೆ ಬಗ್ಗಿ ಮುದುರಿಕೊಂಡರು. ಮರಿಗೆಂದು ನಾಯಿ ಹಾಕಿದ ಬಾಯಿಗೆ ಅವರ ಬಲಗೈ ಸಿಕ್ಕಿತು, ಮೊಣಕೈಯ ಕೆಳಗೆ. ಬಿಡಲಿಲ್ಲ. ತಲೆ ಕೊಡವಿತು. ಬಟ್ಟೆ ಹರಿಯುವ ಸದ್ದು ಬಂತು. ಆಮೇಲೆ ನೋಡಿದರೆ ರವಿಕೆಯ ತೋಳು ಎಲ್ಲೂ ಹರಿದಿರಲಿಲ್ಲ. ಕುರಿ ಹುಚ್ಚು ಹಿಡಿದಂತೆ ಗುದ್ದಿತು, ನಾಯಿಗೊಮ್ಮೆ, ಅತ್ತೆಯ ಪಕ್ಕೆಗೆ ಎರಡು ಸಲ. ಅದಕ್ಕೆ ಅವರಿಬ್ಬರಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಅಸ್ಕಾರಿ ಒಂದು ಗೋಣಿಚೀಲವನ್ನು ನಾಯಿಯ ಮುಖದ ಮೇಲೆ ಎಳೆದು ಅದರ ಸಮೇತ ನೆಲಕ್ಕೆ ಬಿದ್ದ. ಆಗ ನಾಯಿ ಅತ್ತೆಯ ಕೈಯನ್ನು ಬಿಟ್ಟಿತು.

ಭಾವ ಖಾಲಿ ಕೊರಳಪಟ್ಟಿಯನ್ನು ನೋಡುತ್ತ ನಿಂತಿದ್ದರು. ನಾನು ದೊಡ್ಡಿಯೊಳಗೆ ಇಳಿದು ನನ್ನ ದುಪಟ್ಟದಿಂದ ಅತ್ತೆಯ ಕೈಯನ್ನು ಬಿಗಿದು ಕಟ್ಟುತ್ತಿದ್ದೆ. ರಕ್ತ ಬಟ್ಟೆಯನ್ನು ದಾಟಿ ಬರುತ್ತಿತ್ತು. ನಮ್ಮ ಪಕ್ಕದಲ್ಲೇ, ಅತ್ತೆಯ ಮಡಿಲಿಂದ ಜಾರಿದ್ದ ಮರಿ ಕುರಿಯ ಹೊಟ್ಟೆಯ ಕೆಳಗೆ ಮುಗ್ಗರಿಸುತ್ತ ಹೋಗಿ ಬಾಯಿ ಹಾಕಿತು. ಕುರಿ ನಡುಗುತ್ತಿತ್ತು. ಆದರೆ ಕದಲಲಿಲ್ಲ. ಮರಿಯ ಗಿಡ್ಡ ಬಾಲ ಅದುರತೊಡಗಿತು.

“ಆಯ್ತು!” ಎಂದರು ಭಾವ. “ಕುಡೀತಿದೆ! ಕೆಲಸ ಆಯ್ತು!”

ಆಮೇಲೆ ಅವರ ಕಣ್ಣು ತಾಯಿಯ ಕೈಯ ಮೇಲೆ ಬಿತ್ತು.

ಕಾರಿನಲ್ಲಿ ಅತ್ತೆ ನನ್ನ ಹೆಗಲಿಗೆ ಒರಗಿದ್ದರು. ತುಟಿ ಬೆಳ್ಳಗಾಗಿತ್ತು. “ಕುಡೀತಾ ನಿಜವಾಗಿ?” ಎಂದರು.

“ಕುಡೀತು ಅತ್ತೆ. ನಾನೇ ನೋಡಿದೆ.”

“ಹಾಗಾದ್ರೆ ನಾಳೆ ನೀನು ನೀರು ಕಾಯಿಸಿಕೊಡು. ಮಗೂನ ಎಡಗೈಲಿ ಹಿಡ್ಕೋತೀನಿ. ಬಲಗಡೆ ನೀನಿರು.” ಆಮೇಲೆ ಮುಂದಿನ ಸೀಟಿಗೆ ಹೇಳಿದರು: “ಮರಿ ಬದುಕ್ತು ಕಣೋ. ಮಾತು ಅಂದ್ರೆ ಮಾತು.”

“ಆಯ್ತಮ್ಮ, ಆಯ್ತು” ಎಂದರು ಭಾವ, ರಸ್ತೆಯಿಂದ ಕಣ್ಣು ತೆಗೆಯದೆ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಹುಚ್ಚುನಾಯಿ ಕಡಿತಕ್ಕೆ ಕೊಡುವ ಇಂಜೆಕ್ಷನ್ನು ಶುರುಮಾಡಿದರು. ನಾಯಿಗೆ ಏನೂ ಇಲ್ಲದಿರಬಹುದು, ಆದರೆ ಅದನ್ನು ಕಟ್ಟಿಹಾಕಿ ಸ್ವಲ್ಪ ದಿನ ನೋಡುತ್ತಿರಿ ಎಂದರು.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅತ್ತೆಯನ್ನು ನೋಡಿ ಅತ್ತಳು. ಅತ್ತೆ ಎಡಗೈ ಚಾಚಿ ಮಗುವಿನ ಕೆನ್ನೆ ಮುಟ್ಟಲು ಹೋದರು. ಅಕ್ಕ ಮಗುವನ್ನು ಹೆಗಲಿನ ಆಚೆಗೆ ತಿರುಗಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ಅತ್ತೆ, ತಪ್ಪು ತಿಳೀಬೇಡಿ. ನಾಯಿ ಹೆಂಗಿದೆ ಅಂತ ಗೊತ್ತಾಗೋವರೆಗೂ...”

“ಹಾಗೆಲ್ಲ ಹರಡಲ್ಲ ಅಕ್ಕ” ಎಂದೆ ನಾನು. “ಮುಟ್ಟಿದ್ರೆ ಏನೂ ಆಗಲ್ಲ.”

“ನಿನ್ನ ಬಯಾಲಜಿ ನಿನ್ನ ಹತ್ರ ಇಟ್ಕೋ. ಇದು ನನ್ನ ಮಗು.”

“ಮತ್ತೆ ನಾಳೆ ಸ್ನಾನ?” ಎಂದರು ಅತ್ತೆ. ಅಕ್ಕನನ್ನಲ್ಲ, ಮಗನನ್ನು ಕೇಳಿದರು.

ಭಾವ ಕಾರಿನ ಬೀಗದ ಕೈಯನ್ನು ಮೊಳೆಗೆ ನೇತುಹಾಕುತ್ತಿದ್ದರು. ತಿರುಗಿ ನಕ್ಕರು. ಕೆಟ್ಟ ನಗುವೇನಲ್ಲ, ದಿನದ ನಗುವೇ. “ಗೆದ್ದೆ ಕಣಮ್ಮ, ಒಪ್ಕೊಂಡೆ. ಆದ್ರೆ ಗೆದ್ದು ಏನು ಮಾಡ್ತೀಯ, ಕೈಯೇ ಇಲ್ವಲ್ಲ ಈಗ!”

ಸೋಮವಾರ ನರ್ಸ್ ಬಂದಳು. ಪ್ಲಾಸ್ಟಿಕ್ ಟಬ್ಬು ತಂದಿದ್ದಳು. ಸಾಂಬ್ರಾಣಿಯ ಡಬ್ಬವನ್ನು ಅಕ್ಕ ಕಪಾಟಿನ ಮೇಲಿನ ಹಲಗೆಗೆ ಏರಿಸಿದಳು. ನಾಯಿಗೆ ಏನೂ ಇರಲಿಲ್ಲ ಎಂದು ಮುಂದೆ ಗೊತ್ತಾಯಿತು. ಆದರೆ ಆ ಹೊತ್ತಿಗೆ ನರ್ಸಿಗೂ ಮಗುವಿಗೂ ಒಗ್ಗಿಹೋಗಿತ್ತು. ಅತ್ತೆಗೆ ಬೆರಳುಗಳನ್ನು ಪೂರ್ತಿ ಮಡಿಸಲಾಗುತ್ತಿರಲಿಲ್ಲ. ಡಬ್ಬವನ್ನು ಕೆಳಗೆ ಇಳಿಸಿ ಎಂದು ಯಾರೂ ಹೇಳಲಿಲ್ಲ.

ಆ ಸೋಮವಾರ ಒಳಗೆ ನೀರಿನ ಸದ್ದು ಶುರುವಾದಾಗ ಅತ್ತೆ ಹಿತ್ತಲಿಗೆ ಬಂದರು. ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ಎಡಗೈಯಲ್ಲಿ ಒಂದು ಚೂರು ಬೆಲ್ಲ. ನಾನು ಜೊತೆಗಿದ್ದೆ. ಕುರಿ ಹುಲ್ಲಿನ ಮೇಲೆ ನಿಂತಿತ್ತು, ಮರಿ ಅದರ ಪಕ್ಕೆಗೆ ಅಂಟಿಕೊಂಡಿತ್ತು. “ನೋಡೇ, ಎಷ್ಟು ಗಟ್ಟಿಯಾಗಿ ನಿಂತಿದೆ” ಎನ್ನುತ್ತ ಅತ್ತೆ ಹತ್ತಿರ ಹೋದರು.

ಕುರಿ ತಲೆ ಎತ್ತಿತು. ಅವರನ್ನು ಮೂಸಿತು. ಮರಿಯನ್ನು ಹಿಂದಕ್ಕೆ ದೂಡಿ, ಅಡ್ಡ ಬಂದು, ಮುಂಗಾಲನ್ನು ಎತ್ತಿ ನೆಲಕ್ಕೆ ಅಪ್ಪಳಿಸಿತು. ನಾಯಿಗೆ ಮಾಡಿದ ಹಾಗೆಯೇ.

ಅತ್ತೆ ಅಲ್ಲೇ ನಿಂತರು. ಒಳಗೆ ಮಗು ಅಳತೊಡಗಿತು. ನರ್ಸ್ ಇಂಗ್ಲಿಷಿನಲ್ಲಿ ಏನೋ ರಮಿಸುತ್ತಿದ್ದಳು. ಅತ್ತೆ ಕಿಟಕಿಯ ಕಡೆ ತಿರುಗಿ ನೋಡಿದರು, ಮತ್ತೆ ಕುರಿಯ ಕಡೆ ನೋಡಿದರು.

“ಬರಲ್ಲ ತಾಯಿ” ಎಂದು ಕುರಿಗೆ ಹೇಳಿದರು. “ನಾನು ಹತ್ರ ಬರಲ್ಲ.”

ಬಗ್ಗಿ ಬೆಲ್ಲದ ಚೂರನ್ನು ಹುಲ್ಲಿನ ಮೇಲೆ ಇಟ್ಟರು. ಅದು ಬಂದು ತಿನ್ನುವಷ್ಟು ದೂರಕ್ಕೆ, ಬೆನ್ನು ತೋರಿಸದೆ, ಹಿಂದಕ್ಕೆ ಹಿಂದಕ್ಕೆ ನಡೆದು ಬಂದರು.